ಗ್ಯಾಸ್ ಹೋಗಿದೆ ಎನ್ನದ ಮನುಷ್ಯ

ಎ.ಸಿ. ರಿಪೇರಿ ಮಾಡುವವರ ನಡುವೆ ಅವನಿಗೆ ಫಿಲ್ಟರ್ ಎಂದು ಅಡ್ಡಹೆಸರು. ಇಟ್ಟವರು ಜೊತೆಯ ಮೆಕ್ಯಾನಿಕ್ಕುಗಳೇ, ಪ್ರೀತಿಯಿಂದ ಇಟ್ಟದ್ದೇನೂ ಅಲ್ಲ. ಯಾವ ಮನೆಗೆ ಹೋಗಲಿ, ಯಾವ ಮಿಷಿನ್ನಿನ ಮುಂದೆ ನಿಲ್ಲಲಿ, ಅವನ ಬಾಯಿಂದ ಮೊದಲು ಬೀಳುವ ಮಾತು ಒಂದೇ: "ಫಿಲ್ಟರ್ ತೊಳೆದು ಎಷ್ಟು ದಿನ ಆಯ್ತು?" ನೀವು ಸ್ನಾನ ಮಾಡಿ ಎಷ್ಟು ದಿನ ಆಯಿತು ಎಂದು ಕೇಳಿದ ಹಾಗೆ ಮನೆಯವರಿಗೆ ಅದು ಕೇಳಿಸುತ್ತಿತ್ತು. ಹಾಗೆ ಕೇಳಿಸಲಿ ಎಂದೇ ಅವನು ಕೇಳುತ್ತಿದ್ದದ್ದು.

ವಯಸ್ಸು ಐವತ್ತೊಂದು. ಒಣಗಿದ ಮೈ, ಉದ್ದನೆಯ ಕತ್ತು. ಇಪ್ಪತ್ತಾರು ವರ್ಷ ಗೋಡೆಗಳ ಮೇಲ್ಭಾಗವನ್ನೇ ನೋಡಿ ನೋಡಿ ಆ ಕತ್ತು ಸ್ವಲ್ಪ ಹಿಂದಕ್ಕೆ ವಾಲಿತ್ತು. ಎದುರಿಗೆ ನಿಂತವರನ್ನು ನೋಡುವಾಗಲೂ ಕಣ್ಣು ಮೂಗಿನ ಮೇಲಿಂದ ಕೆಳಗಿಳಿದು ಬರಬೇಕು. ಇವನಿಗೆ ನಮ್ಮನ್ನು ಕಂಡರೆ ತಾತ್ಸಾರ ಎಂದು ಜನ ಅಂದುಕೊಳ್ಳುತ್ತಿದ್ದರು. ಅವರು ತಪ್ಪು ತಿಳಿದಿರಲಿಲ್ಲ.

ಹುಟ್ಟಿನಿಂದಲೇ ಅವನು ಹೀಗಿರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಂಜುಗಡ್ಡೆ ಕಾರ್ಖಾನೆಗೆ ಸೇರಿದಾಗ ಮೆದು ಮಾತಿನವನೇ. ಅಲ್ಲಿ ಮೂರು ವರ್ಷ ದೊಡ್ಡ ದೊಡ್ಡ ಕಂಪ್ರೆಸರುಗಳ ಸಹವಾಸ. ಕಂಪ್ರೆಸರು ಕೆಟ್ಟರೆ ಕೆಟ್ಟೆ ಎಂದು ಕೂಗಿ ಹೇಳುತ್ತದೆ, ಮುಚ್ಚಿಡುವುದಿಲ್ಲ, ಪಕ್ಕದವರ ಮೇಲೆ ಬೆರಳು ತೋರಿಸುವುದಿಲ್ಲ. ಆಮೇಲೆ ಕಾರ್ಖಾನೆ ಮುಚ್ಚಿತು, ಮನೆಮನೆಗೆ ಎ.ಸಿ. ಬರತೊಡಗಿತು, ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ಜನರ ಮಲಗುವ ಕೋಣೆಗಳಿಗೆ ಕಾಲಿಟ್ಟ. ಮನುಷ್ಯರ ಮೇಲೆ ಅವನಿಗಿದ್ದ ಗೌರವ ಅಲ್ಲಿಗೆ ಮುಗಿಯಿತು.

ಅವನ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಗಾಳಿ ಬೇರೆ, ತಂಪು ಬೇರೆ ಎಂಬುದೇ ಗೊತ್ತಿಲ್ಲ. ಗಾಳಿ ಜೋರಾಗಿ ಬಂದು ತಂಪಿಲ್ಲದಿದ್ದರೆ ಅದೊಂದು ಕಾಯಿಲೆ. ತಂಪಿದ್ದು ಗಾಳಿಯೇ ಬಾರದಿದ್ದರೆ ಅದು ಬೇರೆಯದೇ ಕಾಯಿಲೆ. ಹೊಟ್ಟೆ ನೋವಿಗೂ ಕಾಲು ನೋವಿಗೂ ಇರುವಷ್ಟು ದೂರ. ಆದರೆ ಜನ ಫೋನ್ ಮಾಡಿ ಎರಡಕ್ಕೂ "ಎ.ಸಿ. ಹೋಗಿದೆ" ಎನ್ನುತ್ತಾರೆ. ಅವನು ಹೋಗಿ ನೋಡಿದರೆ ಫಿಲ್ಟರಿನ ಮೇಲೆ ಕಂಬಳಿಯಷ್ಟು ದಪ್ಪ ಧೂಳು. ಇಲ್ಲವೆ ಒಳಗಿನ ಬ್ಲೋವರು, ಎಂದರೆ ಗಾಳಿ ತಳ್ಳುವ ಆ ಉದ್ದನೆಯ ಉರುಳೆ, ಕೊಳೆ ಮೆತ್ತಿಕೊಂಡು ತಿರುಗಲಾರದೆ ತಿರುಗುತ್ತಿರುತ್ತದೆ. ಒಬ್ಬ ಬ್ಯಾಂಕಿನವನು ಗಾಳಿ ಕತ್ತಿಗೆ ಹೊಡೆಯುತ್ತದೆ ಎಂದು ಮಿಷಿನ್ನಿನ ಬಾಯಿಗೆ ಟೇಪು ಅಂಟಿಸಿ, ನಾಲ್ಕು ತಿಂಗಳ ಮೇಲೆ ಗಾಳಿಯೇ ಬರುತ್ತಿಲ್ಲ ಎಂದು ಕಂಪನಿಯವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರು ಚೆಂದ ಕಾಣಲಿ ಎಂದು ಮಿಷಿನ್ನಿನ ಮುಂದೆ ಪರದೆ ಇಳಿಬಿಟ್ಟಿದ್ದರು. ಇನ್ನೊಂದು ಮನೆಯಲ್ಲಿ ಧೂಳು ಬೀಳಬಾರದೆಂದು ಮಿಷಿನ್ನಿಗೇ ಅಂಗಿ ಹೊಲಿಸಿ ಹಾಕಿದ್ದರು, ಗುಂಡಿ ಸಮೇತ. ಅವನು ಗುಂಡಿ ಬಿಚ್ಚಿ, ರಿಪೇರಿ ಆಯಿತು ಎಂದು ಹೇಳಿ ಹೊರಟುಬಂದಿದ್ದ.

ಇವರೆಲ್ಲರಿಗೂ ಗೊತ್ತಿರುವ ವಿದ್ಯೆ ಒಂದೇ, ಅದು ಗ್ಯಾಸ್. "ಗ್ಯಾಸ್ ಹೋಗಿರ್ಬೇಕು, ತುಂಬಿಸ್ಬಿಡಿ." ಎ.ಸಿ.ಯ ಗ್ಯಾಸು ಒಲೆಯ ಗ್ಯಾಸಿನ ಹಾಗೆ ಉರಿದು ಖರ್ಚಾಗುವಂಥದ್ದಲ್ಲ. ಕೊಳವೆಯೊಳಗೆ ಮುಚ್ಚಿಟ್ಟ ಸರಕು, ಅಲ್ಲೇ ಸುತ್ತುತ್ತಿರುತ್ತದೆ. ಹೋಯಿತೆಂದರೆ ಎಲ್ಲೋ ತೂತು ಬಿದ್ದಿರಬೇಕು, ತೂತು ಹುಡುಕಬೇಕು. ಆದರೆ ಆ ಮಾತಿನಲ್ಲೊಂದು ಸುಖವಿದೆ. ಗ್ಯಾಸ್ ಹೋದರೆ ಯಾರದ್ದೂ ತಪ್ಪಲ್ಲ. ಯಜಮಾನ ಸೋಮಾರಿಯಲ್ಲ, ಯಜಮಾನತಿ ಗಲೀಜಲ್ಲ, ಮಿಷಿನ್ನು ತಂದುಕೊಟ್ಟ ಅಳಿಯ ಪೆದ್ದನಲ್ಲ. ಏನೋ ಒಂದು ಕಣ್ಣಿಗೆ ಕಾಣದ್ದು ತಾನಾಗಿ ಹೋಯಿತು, ಇನ್ನೊಂದು ಕಣ್ಣಿಗೆ ಕಾಣದ್ದನ್ನು ತುಂಬಿಸಿದರಾಯಿತು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಉಳಿದ ಮೆಕ್ಯಾನಿಕ್ಕುಗಳು ಬಾಗಿಲಲ್ಲೇ ಮೂಗೆಳೆದು "ಗ್ಯಾಸ್ ಹೋಗಿದೆ ಸಾರ್" ಎಂದು ನಗುನಗುತ್ತಾ ಒಳಗೆ ಹೋಗುತ್ತಿದ್ದರು, ಕಾಫಿ ಕುಡಿದು ಬರುತ್ತಿದ್ದರು. ನಮ್ಮ ಫಿಲ್ಟರಿಗೆ ಯಾರೂ ಕಾಫಿ ಕೊಡುತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ, ತೂತು ಕಂಡ ದಿನ ಬಿಟ್ಟರೆ, ಅವನ ಬಾಯಿಂದ ಆ ಮಾತು ಬಂದಿರಲಿಲ್ಲ. ಅದೇ ಅವನ ಜಂಭ. ಆ ಮಾತನ್ನು ಆಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು, ಕೇಳಿ ತಲೆಯಾಡಿಸುವವರನ್ನು ಕಂಡರೆ ಇನ್ನೂ ಹೆಚ್ಚು.

ಹೆಂಡತಿ ಹೇಳಿ ಹೇಳಿ ಸೋತಿದ್ದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. "ನೋಡಿ, ಹಳೇ ಬಟ್ಟೆ ಬಿಗಿ ಆಗ್ತಿದೆ ಅಂತ ಬರ್ತಾರೆ. ನೀವು ದಪ್ಪ ಆಗಿದ್ದೀರಿ ಅಂತೀನಾ ನಾನು? ಬಟ್ಟೆ ಕುಗ್ಗಿದೆ ಅಂತೀನಿ. ಅವರಿಗೂ ಖುಷಿ, ನನಗೂ ಕೆಲಸ."

"ನೀನು ಹೇಳೋದು ಸುಳ್ಳು."

"ಊರಿಗೆಲ್ಲ ಫಿಲ್ಟರ್ ತೊಳೀರಿ ಅಂತೀರಲ್ಲ, ನಿಮ್ಮ ಬಾಯಿಗೊಂದು ಹಾಕ್ಕೊಳ್ಳಿ ಮೊದಲು" ಎಂದು ಅವಳು ದಾರ ಕಚ್ಚಿ ತುಂಡು ಮಾಡುತ್ತಿದ್ದಳು. ಇಡೀ ಬೀದಿಯಲ್ಲಿ ಅವನ ತಾತ್ಸಾರಕ್ಕೆ ಸೊಪ್ಪು ಹಾಕದೆ ಇದ್ದವಳು ಅವಳೊಬ್ಬಳೇ.

ಆ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವನಿಗೆ ನಿವೃತ್ತ ಅಧಿಕಾರಿಯೊಬ್ಬರ ಫೋನ್ ಬಂತು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಅವರು ಫೋನಿನಲ್ಲಿ ಈಗಲೂ ಕಡತಕ್ಕೆ ಸಹಿ ಹಾಕುವ ದನಿಯಲ್ಲೇ ಮಾತಾಡುತ್ತಿದ್ದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ಹಾಗೆನ್ನದಿದ್ದರೆ ಅವರೇ ನೆನಪಿಸುತ್ತಿದ್ದರು. ಮೂರು ವರ್ಷದ ಹಿಂದೆ ಅವನು ಆ ಮನೆಗೆ ಒಮ್ಮೆ ಹೋಗಿದ್ದ. ಮಿಷಿನ್ನಿನ ನೆತ್ತಿಯ ಮೇಲೆ ಎರಡೇ ಬೆರಳು ಜಾಗ ಬಿಟ್ಟು ಸಾಹೇಬರು ಮರದ ಹಲಗೆ ಹೊಡೆಸಿ, ಅದರ ಮೇಲೆ ತಮಗೆ ಬಂದ ಸನ್ಮಾನದ ಫಲಕಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಜಾಗ ಸಾಲದೆ ಎರಡು ಫಲಕ ಮಿಷಿನ್ನಿನ ಮೇಲೆಯೇ ಕುಳಿತಿದ್ದವು.

"ಸಾರ್, ಮಿಷಿನ್ನಿಗೆ ಮೂಗು ಇರೋದು ನೆತ್ತಿ ಮೇಲೆ. ಗಾಳಿ ಅಲ್ಲಿಂದ ಒಳಗೆ ಹೋದ್ರೆ ತಾನೇ ಬಾಯಿಂದ ಹೊರಗೆ ಬರೋದು? ನೀವು ಮೂಗಿನ ಮೇಲೆ ಸನ್ಮಾನ ಕೂರಿಸಿದ್ದೀರಿ" ಎಂದಿದ್ದ.

ಸಾಹೇಬರ ಮುಖ ಕೆಂಪಾಗಿತ್ತು. ಆಮೇಲೆ ಅವನಿಗೆ ಕರೆಯಿಲ್ಲ. ಬೇರೆ ಮೆಕ್ಯಾನಿಕ್ಕುಗಳು ಬಂದು, ಫಲಕಗಳನ್ನು ಹೊಗಳಿ, ಮೂರು ಬೇಸಿಗೆಗೆ ಮೂರು ಸಲ ಗ್ಯಾಸ್ ತುಂಬಿ ಹೋಗಿದ್ದರು.

"ಗಾಳಿ ಬರ್ತಿಲ್ಲ ಕಣ್ರೀ" ಎಂದರು ಸಾಹೇಬರು ಈಗ. "ನನಗೆ ಗೊತ್ತು, ಗ್ಯಾಸ್ ಹೋಗಿದೆ."

"ಗ್ಯಾಸ್ ಹೋದ್ರೆ ತಂಪು ಹೋಗುತ್ತೆ ಸಾರ್, ಗಾಳಿ ಹೋಗಲ್ಲ."

"ಬಂದು ಹೇಳಿ ಅದನ್ನ. ಇಲ್ಲಿ ನಮ್ಮನೆಯವರು ಬೇರೇನೋ ಹೇಳ್ತಿದ್ದಾರೆ. ನೀವು ಮುಖಕ್ಕೆ ಹೊಡೆದ ಹಾಗೆ ಹೇಳೋರು ಅಂತಲೇ ಕರೀತಿರೋದು. ಇದು ಇವತ್ತು ಇತ್ಯರ್ಥ ಆಗ್ಬೇಕು."

ಇತ್ಯರ್ಥ ಎಂಬ ಮಾತು ಕೇಳಿ ಅವನಿಗೆ ನಗು ಬಂತು. ಮೂರು ವರ್ಷ ಮೂಗು ಮುಚ್ಚಿಸಿಕೊಂಡ ಮಿಷಿನ್ನಿನ ಗತಿ ಏನಾಗಿದೆಯೋ ನೋಡೋಣ, ಸಾಹೇಬರ ಮೋರೆ ಪೆಚ್ಚಾಗುವುದನ್ನೂ ನೋಡೋಣ ಎಂದು ಹೊರಟ.

ಬಾಗಿಲು ತೆಗೆದವಳು ಮನೆಗೆಲಸದ ಹೆಂಗಸು. ಮೂವತ್ತೈದರ ಆಸುಪಾಸು, ಕೈ ಒದ್ದೆ, ಮುಖದಲ್ಲಿ ರಕ್ತವಿಲ್ಲ. ಅವನನ್ನು ನೋಡಿ ಪಕ್ಕಕ್ಕೆ ಸರಿದಳು. ಸಾಹೇಬರ ಹೆಂಡತಿ ಸೋಫಾದಿಂದ ಏಳದೆಯೇ ಶುರು ಮಾಡಿದರು.

"ಇವಳೇ ಹಾಳು ಮಾಡಿದ್ದು. ಹೋದ ವಾರ ಬಿಚ್ಚಿ ತೊಳೆದಳು. ಅವತ್ತಿನಿಂದ ಗಾಳಿ ಇಲ್ಲ."

"ತೊಳಿ ಅಂತ ನೀವೇ ಹೇಳಿದ್ದಮ್ಮಾವ್ರೇ" ಎಂದಳು ಅವಳು, ನೆಲ ನೋಡುತ್ತ.

"ತೊಳಿ ಅಂದೆ, ಕೊಲ್ಲು ಅಂದ್ನಾ?"

"ಸುಮ್ನಿರೇ" ಎಂದರು ಸಾಹೇಬರು. "ತೊಳೆದ್ರೆ ಯಾವ ಮಿಷಿನ್ನೂ ಕೆಡಲ್ಲ. ನಾನು ಫೋನಲ್ಲಿ ಎಲ್ಲ ಓದಿದ್ದೀನಿ. ಗ್ಯಾಸು."

ಗಂಡ ಹೆಂಡತಿಯ ಈ ಜಗಳ ವಾರದಿಂದ ನಡೆದಿತ್ತು. ಇಬ್ಬರಿಗೂ ಗಾಳಿಗಿಂತ ಗೆಲುವು ಮುಖ್ಯವಾಗಿತ್ತು. ಆದರೆ ಅಮ್ಮನವರ ಗೆಲುವಿಗೆ ತೆರಬೇಕಾದವಳು ಮೂರನೆಯವಳು. "ಇವರು ನೋಡಿ ಹೇಳಲಿ. ಇವಳ ಕೆಲಸ ಅಂತ ಆದ್ರೆ ಇವತ್ತು ಸಂಜೆಯೊಳಗೆ ಹಿಂದಿನ ರೂಮು ಖಾಲಿ ಮಾಡ್ಬೇಕು. ನಮ್ಮಕ್ಕ ಒಬ್ಬಳನ್ನ ನೋಡಿಟ್ಟಿದ್ದಾಳೆ, ನಾಳೆನೇ ಬರ್ತಾಳೆ" ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿದರು. ಸಾಹೇಬರೂ ತಲೆಯಾಡಿಸಿದರು. ಅದು ನ್ಯಾಯವಾಗಿಯೇ ಅವರಿಗೆ ತೋರಿತು.

ಹೆಂಗಸು ಒದ್ದೆ ಕೈಯನ್ನು ಮತ್ತೆ ಮತ್ತೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಕೈ ಆಗಲೇ ಒಣಗಿತ್ತು.

ಅವನು ಕೋಣೆಗೆ ಹೋದ. ಫಲಕಗಳು ಎರಡು ಹೆಚ್ಚಾಗಿದ್ದವು. ಮಿಷಿನ್ನು ಹಾಕಿ, ಜೇಬಿನಿಂದ ಒಂದು ತೆಳು ಕಾಗದದ ಪಟ್ಟಿ ತೆಗೆದು ಅದರ ಬಾಯಿಯ ಮುಂದೆ ಹಿಡಿದ. ಒಳ್ಳೆಯ ಗಾಳಿಗೆ ಕಾಗದ ಅಡ್ಡಡ್ಡ ಹಾರಬೇಕು. ಇದು ಸುಮ್ಮನೆ ನೇತಾಡಿ, ಒಂದು ಸಲ ಸಂಕೋಚದಿಂದ ಅಲುಗಿ, ಮತ್ತೆ ನಿಂತಿತು. ಮುಚ್ಚಳ ಎತ್ತಿದ. ಫಿಲ್ಟರ್ ನೋಡಿ ಅವನಿಗೇ ಆಶ್ಚರ್ಯವಾಯಿತು. ತೊಳೆದು, ನೆರಳಲ್ಲಿ ಒಣಗಿಸಿ, ನೆಟ್ಟಗೆ ಕೂರಿಸಿದ ಫಿಲ್ಟರು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೊಕ್ಕಟವಾದದ್ದನ್ನು ಅವನು ನೋಡಿದ್ದು ಬೆರಳೆಣಿಕೆಯಷ್ಟು ಸಲ. ಅದರ ಹಿಂದೆ ಮಾತ್ರ ಬಿಳಿಯ ಮಂಜುಗಡ್ಡೆ ಕಟ್ಟಿತ್ತು.

"ನೋಡಿದ್ರಾ!" ಸಾಹೇಬರು ಅವನ ಭುಜದ ಹಿಂದಿನಿಂದ ಕೂಗಿದರು. "ಐಸು! ಗ್ಯಾಸ್ ಹೋದ್ರೆನೇ ಐಸ್ ಕಟ್ಟೋದು."

ಗಾಳಿ ಹಾಯದಿದ್ದರೂ ಐಸ್ ಕಟ್ಟುತ್ತದೆ, ನಿಮ್ಮ ಫೋನಿಗೆ ಅದು ಗೊತ್ತಿಲ್ಲವೇ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮಿಷಿನ್ನು ಆರಿಸಿದ. ಐಸು ಕರಗಲು ಬಿಟ್ಟು, ಹೊರಗಿನ ಪೆಟ್ಟಿಗೆ ನೋಡಲು ಹಿತ್ತಲಿಗೆ ಹೋದ.

ಹೊರಗಿನ ಪೆಟ್ಟಿಗೆಯನ್ನು ಎಲ್ಲಿ ಕೂರಿಸಿದ್ದರೆಂದರೆ, ಅದು ಉಗುಳುವ ಬಿಸಿಗಾಳಿಯೆಲ್ಲ ಎದುರಿನ ಸಣ್ಣ ರೂಮಿನ ಬಾಗಿಲಿಗೇ ಹೊಡೆಯಬೇಕು. ಯಾರ ಬಾಗಿಲು ಎಂದು ಯಾರೂ ಯೋಚಿಸಿರಲಿಲ್ಲ, ಅಥವಾ ಯೋಚಿಸಿಯೇ ಇಟ್ಟಿದ್ದರು. ಬಾಗಿಲು ಮುಚ್ಚಿತ್ತು. ಅವನು ಮಿಷಿನ್ನು ಆರಿಸಿದ್ದರಿಂದ ಬಿಸಿಗಾಳಿ ನಿಂತು, ಐದು ನಿಮಿಷದಲ್ಲಿ ಬಾಗಿಲು ತೆರೆಯಿತು. ಹದಿನೈದು ಹದಿನಾರರ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಹೊಸಿಲ ಮೇಲೆ ಕೂತಳು.

"ಅಂಕಲ್, ಇದು ಎಷ್ಟು ಹೊತ್ತು ಆಫ್ ಇರುತ್ತೆ?"

"ಯಾಕಮ್ಮ?"

"ಸೋಮವಾರ ಪರೀಕ್ಷೆ. ಒಳಗೆ ಕೂತ್ರೆ ಬೆವರು ಪುಸ್ತಕದ ಮೇಲೆ ಬೀಳುತ್ತೆ. ಇಲ್ಲಿ ಕೂತ್ರೆ ಈ ಬಿಸಿ."

ಒಂದು ಗಂಟೆ ಎಂದು ಅವನು ಹೇಳಿದ. ಅವಳು ಅದನ್ನು ಬಹುಮಾನ ಸಿಕ್ಕಂತೆ ಕೇಳಿಸಿಕೊಂಡು ಓದಲು ಶುರು ಮಾಡಿದಳು. ಸಂಜೆಯೊಳಗೆ ಈ ಹೊಸಿಲೂ ಇರುವುದಿಲ್ಲ ಎಂದು ಅವಳಿಗೆ ಇನ್ನೂ ಯಾರೂ ಹೇಳಿದಂತಿರಲಿಲ್ಲ.

ಅವನು ಕೊಳವೆಯ ಜೋಡಣೆಗಳನ್ನೆಲ್ಲ ಬೆರಳಿನಿಂದ ಸವರಿದ. ಗ್ಯಾಸು ಸೋರಿದ್ದರೆ ಎಣ್ಣೆಯ ಜಿಡ್ಡು ಬಿಟ್ಟು ಹೋಗುತ್ತದೆ. ಬೆರಳು ಒಣಗೇ ಇತ್ತು. ಗ್ಯಾಸು ಎಲ್ಲಿಗೂ ಹೋಗಿರಲಿಲ್ಲ.

ಒಳಗೆ ಬರುವ ಹೊತ್ತಿಗೆ ಐಸು ಕರಗಿ ನೀರಾಗಿತ್ತು. ಸ್ಟೂಲು ಹತ್ತಿ, ಟಾರ್ಚು ಬಿಟ್ಟು ನೋಡಿದ, ನೋಡಿದ ಕೂಡಲೆ ಎಲ್ಲ ತಿಳಿಯಿತು. ಫಿಲ್ಟರಿನ ಹಿಂದೆ ಅಲ್ಯೂಮಿನಿಯಂ ಎಲೆಗಳಿರುತ್ತವೆ, ಕಾಗದಕ್ಕಿಂತ ತೆಳ್ಳಗೆ, ನೂರಾರು, ಒಂದರ ಪಕ್ಕ ಒಂದು ನೆಟ್ಟಗೆ. ಅವುಗಳ ಸಂದಿಯಿಂದಲೇ ಗಾಳಿ ನುಗ್ಗಿ ತಣ್ಣಗಾಗುವುದು. ಈ ಮಿಷಿನ್ನಿನಲ್ಲಿ ಅವು ಮೇಲಿನಿಂದ ಕೆಳಗಿನವರೆಗೂ ಮಲಗಿಬಿಟ್ಟಿದ್ದವು, ಒಂದರ ಮೇಲೊಂದು, ಒಂದು ಸಂದಿಯೂ ಉಳಿಯದ ಹಾಗೆ. ಯಾರೋ ಬಲವಾಗಿ, ಶ್ರದ್ಧೆಯಿಂದ, ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ ಉಜ್ಜಿದ್ದರು. ಎಲೆಗಳ ನಡುವೆ ಪಾತ್ರೆ ಉಜ್ಜುವ ಸ್ಟೀಲ್ ನಾರಿನ ಸುರುಳಿ ಚೂರುಗಳು ಸಿಕ್ಕಿಕೊಂಡು ಹೊಳೆಯುತ್ತಿದ್ದವು. ಆ ಮನೆಯಲ್ಲಿ ಸ್ಟೀಲ್ ನಾರನ್ನು ಕೈಯಲ್ಲಿ ಹಿಡಿಯುವವರು ಯಾರು ಎಂದು ಕೇಳಬೇಕಾಗಿರಲಿಲ್ಲ.

ಅಮ್ಮನವರು ಹೇಳಿದ್ದೇ ನಿಜವಾಗಿತ್ತು. ಅದೇ ಅವನಿಗೆ ತಡೆಯಲಾಗದ ಸಂಗತಿ. ಆ ಸೋಫಾದ ಹೆಂಗಸು ಜೀವಮಾನದಲ್ಲಿ ಒಂದು ಮುಚ್ಚಳ ಎತ್ತಿ ನೋಡಿದವಳಲ್ಲ, ಆದರೂ ಸರಿಯಾಗಿ ಹೇಳಿದ್ದಳು.

"ಏನು?" ಸಾಹೇಬರು ಕೆಳಗಿನಿಂದ ಕೇಳಿದರು. ಅಮ್ಮನವರೂ ಬಾಗಿಲಿಗೆ ಬಂದು ನಿಂತಿದ್ದರು, ಅವರ ಹಿಂದೆ ಗೋಡೆಗೆ ಒತ್ತಿಕೊಂಡು ಕೆಲಸದವಳು.

"ಈ ಹಲಗೆ ಒಂದು ಕಾರಣ ಸಾರ್. ಮೇಲಿಂದ ಗಾಳಿ ಒಳಗೆ ಹೋಗ್ತಿಲ್ಲ" ಎಂದ. ಅದೂ ನಿಜವೇ, ಅರ್ಧ ನಿಜ.

"ಹಲಗೆ ನಾಲ್ಕು ವರ್ಷದಿಂದ ಇದೆ. ಗಾಳಿ ನಿಂತಿದ್ದು ಹೋದ ವಾರ. ಸುತ್ತಿ ಬಳಸಿ ಮಾತಾಡ್ಬೇಡಿ. ನೀವು ಸುಳ್ಳು ಹೇಳಲ್ಲ ಅಂತ ಊರಿಗೇ ಗೊತ್ತು. ಗ್ಯಾಸೋ, ಇವಳೋ, ಎರಡರಲ್ಲಿ ಒಂದು ಹೇಳಿ" ಎಂದರು ಸಾಹೇಬರು.

ಇಪ್ಪತ್ತಾರು ವರ್ಷ ಜನ ಅವನ ನಿಜವನ್ನು ಕಾಲಕಸ ಮಾಡಿದ್ದರು. ಇವತ್ತು ಮೊದಲ ಸಲ ಒಬ್ಬ ದೊಡ್ಡ ಮನುಷ್ಯ ಅದನ್ನು ಕೈಯೊಡ್ಡಿ ಕೇಳುತ್ತಿದ್ದ. ಯಾಕೆ ಕೇಳುತ್ತಿದ್ದ? ಹೆಂಡತಿಯನ್ನು ಗೆಲ್ಲಲು. ಅವಳು ಯಾಕೆ ಕಾದು ನಿಂತಿದ್ದಳು? ಅಕ್ಕನ ಮಾತು ನಡೆಸಿಕೊಡಲು. ಮೂಗಿನ ಮೇಲೆ ಸನ್ಮಾನ ಕೂರಿಸುವ ಗಂಡ, ತೊಳಿ ಎಂದು ಸೋಫಾದಿಂದ ಹೇಳಿ ಹೇಗೆ ತೊಳೆಯಬೇಕೆಂದು ಹೇಳದ ಹೆಂಡತಿ. ಇಂಥ ಇಬ್ಬರ ಕೈಗೆ ತನ್ನ ನಿಜವನ್ನು ಕೊಡುವುದು ಹೇಗೆ? ಇವರಿಗೆ ನಿಜ ಪಡೆಯುವ ಯೋಗ್ಯತೆ ಇಲ್ಲ ಎಂದು ಅವನಿಗೆ ಅನ್ನಿಸಿತು. ಹುಡುಗಿಯ ಸೋಮವಾರವೂ ನೆನಪಾಯಿತು.

"ಗ್ಯಾಸ್ ಹೋಗಿದೆ ಸಾರ್" ಎಂದ.

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು.

ಸಾಹೇಬರು ಎರಡು ಅಡಿ ಬೆಳೆದರು. "ಹೇಳಿದ್ನಾ? ಹೇಳಿದ್ನೋ ಇಲ್ವೋ? ಐಸ್ ನೋಡಿದ ತಕ್ಷಣ ಹೇಳಿದೆ ನಾನು!" ಅಮ್ಮನವರು ಮೂತಿ ತಿರುವಿ, "ಹಾಗಾದ್ರೆ ತುಂಬಿಸಿ, ನನಗೇನು" ಎಂದು ಸೋಫಾಕ್ಕೆ ವಾಪಸಾದರು. ಸಾಹೇಬರು ಅಲ್ಲಿಗೆ ಬಿಡದೆ ಭಾವಮೈದನಿಗೆ ಫೋನ್ ಹಚ್ಚಿದರು. "ಫಿಲ್ಟರ್ ಗೊತ್ತಲ್ಲ, ಆ ಜಗಳಗಂಟ? ಅವನೇ ಒಪ್ಪಿಕೊಂಡ. ನನ್ನ ಮುಂದೆ ಅವನ ಆಟ ನಡೀಲಿಲ್ಲ." ಫಿಲ್ಟರ್ ಸ್ಟೂಲಿನ ಮೇಲೆ ನಿಂತು ಅದನ್ನೆಲ್ಲ ಕೇಳಿಸಿಕೊಂಡ. ನಾಳೆ ಬಿಡಿಭಾಗದ ಅಂಗಡಿಯ ಮುಂದೆ ಉಳಿದ ಮೆಕ್ಯಾನಿಕ್ಕುಗಳು ಹೇಗೆ ಹಲ್ಲು ಕಿರಿಯುತ್ತಾರೆ ಎಂಬುದು ಅವನಿಗೆ ಈಗಲೇ ಕಾಣಿಸುತ್ತಿತ್ತು.

ಒಮ್ಮೆ ಕೆಟ್ಟ ಮೇಲೆ ಇನ್ನೇನು ಎಂದುಕೊಂಡು, "ಸಾರ್, ನೆತ್ತಿ ಮೇಲೆ ಇಷ್ಟು ಭಾರ ಇದ್ರೆ ತುಂಬಿದ ಗ್ಯಾಸು ನಿಲ್ಲಲ್ಲ. ಹಲಗೆ ತೆಗೀಬೇಕು" ಎಂದ.

"ಹೌದಾ? ಮೊದಲೇ ಹೇಳ್ಬಾರದಾ?" ಎಂದು ಸಾಹೇಬರು ತಾವೇ ಫಲಕಗಳನ್ನು ಇಳಿಸಿ, ಎದೆಗವಚಿಕೊಂಡು ಪಕ್ಕದ ಕೋಣೆಗೆ ಸಾಗಿಸಿದರು. ನಿಜಕ್ಕೆ ಮೂರು ವರ್ಷ ಅಲುಗದ ಹಲಗೆ ಸುಳ್ಳಿಗೆ ಹತ್ತು ನಿಮಿಷದಲ್ಲಿ ಗೋಡೆ ಬಿಟ್ಟಿತು. ಹೊರಗಿನ ಪೆಟ್ಟಿಗೆಯನ್ನೂ ಅದೇ ಗ್ಯಾಸಿನ ಹೆಸರಲ್ಲಿ ಇನ್ನೊಂದು ಗೋಡೆಗೆ ತಿರುಗಿಸಬೇಕೆಂದ. ಅದಕ್ಕೂ ಹೂಂ ಎಂದರು. ಇಷ್ಟು ಸುಲಭವೆಂದು ಗೊತ್ತಿದ್ದರೆ ಎಷ್ಟು ಮಿಷಿನ್ನುಗಳನ್ನು ಉಳಿಸಬಹುದಿತ್ತೋ ಎನ್ನಿಸಿ, ಅವನಿಗೆ ಲೋಕದ ಮೇಲೂ ತನ್ನ ಮೇಲೂ ಒಟ್ಟೊಟ್ಟಿಗೆ ಸಿಟ್ಟು ಬಂತು.

"ಬಾಗಿಲು ಹಾಕ್ಕೊಂಡು ಮಾಡ್ಬೇಕು. ಯಾರೂ ಒಳಗೆ ಬರಬಾರದು" ಎಂದ. ಗ್ಯಾಸು ತುಂಬುವುದು ಹೊರಗಿನ ಪೆಟ್ಟಿಗೆಯಿಂದ. ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಯಾವ ಮೆಕ್ಯಾನಿಕ್ಕೂ ತುಂಬುವುದಿಲ್ಲ. ಎಲ್ಲ ಓದಿಕೊಂಡ ಸಾಹೇಬರಿಗೆ ಅದು ಹೊಳೆಯಲಿಲ್ಲ. ಅಮ್ಮನವರು ಮಾತ್ರ ಸೋಫಾದಿಂದ, "ಹಾಸಿಗೆ ಗಲೀಜಾಗದ ಹಾಗೆ ನೋಡ್ಕೋ ಹೋಗೇ" ಎಂದು ಕೆಲಸದವಳನ್ನು ಒಳಗೆ ಕಳಿಸಿದರು.

ಬಾಗಿಲು ಮುಚ್ಚಿತು. ಅವನು ಚೀಲದಿಂದ ಸಣ್ಣದೊಂದು ಬಾಚಣಿಗೆ ತೆಗೆದ. ಮಲಗಿದ ಎಲೆಗಳನ್ನು ಎಬ್ಬಿಸುವುದಕ್ಕೆಂದೇ ಮಾಡಿದ ಬಾಚಣಿಗೆ ಅದು, ಹಲ್ಲುಗಳು ಸೂಜಿಯಷ್ಟು ಸಣ್ಣ. ಮೇಲಿನ ಮೂಲೆಯಿಂದ ಶುರು ಮಾಡಿ, ಉಸಿರು ಬಿಗಿಹಿಡಿದು ಕೆಳಗೆ ಎಳೆದ. ಒಂದು ಬೆರಳಗಲ ಎಲೆ ಎದ್ದು ನಿಂತಿತು. ಸ್ಟೀಲ್ ನಾರಿನ ಚೂರುಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು ಅಂಗೈಯಲ್ಲಿ ಇಟ್ಟುಕೊಳ್ಳುತ್ತ ಹೋದ. ಅವಳು ಸ್ಟೂಲು ಹಿಡಿದು ಕತ್ತೆತ್ತಿ ನೋಡುತ್ತಲೇ ಇದ್ದಳು.

"ಅಣ್ಣಾ" ಎಂದಳು ಕೊನೆಗೆ, ದನಿ ತಗ್ಗಿಸಿ. "ಇದು ನನ್ನಿಂದ ಆಗಿದ್ದಾ?"

ಅವನ ಕೈ ನಿಂತಿತು. ಎಷ್ಟು ಸಾವಿರ ಮನೆಗಳಿಗೆ ಹೋಗಿದ್ದ. ಕಂಪನಿಯನ್ನು ಬೈದವರನ್ನು ಕಂಡಿದ್ದ, ಕರೆಂಟನ್ನು, ಹವೆಯನ್ನು, ಸೊಸೆಯನ್ನು, ಹಿಂದಿನ ಮೆಕ್ಯಾನಿಕ್ಕನ್ನು ಬೈದವರನ್ನು ಕಂಡಿದ್ದ. ಇದು ನನ್ನಿಂದ ಆಗಿದ್ದಾ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಆ ಪ್ರಶ್ನೆಯನ್ನು ಕೇಳುವವರು ಇರಬಹುದು ಎಂಬ ಆಸೆಯನ್ನೇ ಅವನು ಎಂದೋ ಬಿಟ್ಟಿದ್ದ. ಮಿಷಿನ್ನಿನ ಕಡೆಗೇ ಮುಖ ಮಾಡಿ ನಿಂತ. ಇವಳಿಗೂ ಗ್ಯಾಸ್ ಎಂದುಬಿಡಬಹುದಿತ್ತು, ಹಗುರಾಗಿ ಹೋಗುತ್ತಿದ್ದಳು. ಆದರೆ ಹಾಗೆ ಹೇಳಿದರೆ ಇವಳನ್ನೂ ಆ ಇಬ್ಬರ ಸಾಲಿಗೆ ಸೇರಿಸಿದಂತಾಗುತ್ತಿತ್ತು.

ಸ್ಟೂಲಿನಿಂದ ಇಳಿದು, ಅಂಗೈ ಚಾಚಿ ಚೂರುಗಳನ್ನು ತೋರಿಸಿದ.

"ಹೌದು ತಾಯಿ. ನಿನ್ನಿಂದಲೇ ಆಗಿದ್ದು."

ಅವಳು ಚೂರುಗಳನ್ನು ನೋಡಿದಳು. ಅಳಲಿಲ್ಲ, ಅಮ್ಮಾವ್ರು ಹೇಳಿದ್ದಕ್ಕೆ ಮಾಡಿದೆ ಎನ್ನಲಿಲ್ಲ. "ಹೊಳೀಲಿ ಅಂತ ಉಜ್ಜಿದೆ. ತಗಡು ಅಂದ್ಕೊಂಡೆ" ಎಂದಳು. ಆಮೇಲೆ, "ಹಾಗಾದ್ರೆ ಇದನ್ನ ತೊಳೆಯೋದು ಹೇಗೆ?"

"ಇದನ್ನ ತೊಳೆಯೋ ಹಾಗಿಲ್ಲ, ಮುಟ್ಟೋ ಹಾಗೇ ಇಲ್ಲ. ಧೂಳು ಕಂಡ್ರೆ ಬಣ್ಣ ಹಚ್ಚೋ ಮೆತ್ತನೆ ಬ್ರಷ್ಷಲ್ಲಿ ಮೇಲಿಂದ ಕೆಳಕ್ಕೆ, ಅಡ್ಡ ಎಳೀಬಾರದು. ಫಿಲ್ಟರ್ ಮಾತ್ರ ತೊಳಿ. ಅದನ್ನ ನೀನು ತೊಳೆದಷ್ಟು ಚೆನ್ನಾಗಿ ತೊಳೆದವರನ್ನ ನಾನು ನೋಡಿಲ್ಲ."

ಅವನ ಬಾಯಿಂದ ಹೊಗಳಿಕೆ ಬಂದಿತ್ತು. ಹೆಂಡತಿ ಕೇಳಿದ್ದರೆ ನಂಬುತ್ತಿರಲಿಲ್ಲ. ಕೆಲಸದವಳಿಗೆ ಅದರ ಬೆಲೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಪುರುಸೊತ್ತೂ ಇರಲಿಲ್ಲ. ಕೈ ಚಾಚಿದಳು.

"ಬಾಚಣಿಗೆ ಕೊಡಿ ಇಲ್ಲಿ. ನಾನು ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ."

"ಕಷ್ಟ ಇದೆ. ಸಿಕ್ಕು ಸಿಕ್ಕಾಗಿದೆ."

"ಮಗಳ ತಲೆ ದಿನಾ ಬಾಚ್ತೀನಿ. ಅದಕ್ಕಿಂತ ಸಿಕ್ಕಾ ಇದು?"

ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತಿದಳು. ಅವನು ಕೆಳಗೆ ನಿಂತು ಟಾರ್ಚು ಬಿಟ್ಟ. ಮೊದಲ ಎಳೆತಕ್ಕೆ ಸ್ವಲ್ಪ ತಡವರಿಸಿದಳು. ಎರಡನೆಯದಕ್ಕೆ ಕೈ ಕುದುರಿತು. ಆಮೇಲೆ ನೋಯದ ಹಾಗೆ ಬುಡ ಹಿಡಿದು ಬಿಡಿಸುತ್ತ, ಅವನಿಗಿಂತ ಬೇಗ, ಅವನಿಗಿಂತ ನೆಟ್ಟಗೆ ಬಾಚುತ್ತ ಹೋದಳು. ಎಲೆಗಳು ಸಾಲು ಸಾಲಾಗಿ ಎದ್ದು ನಿಂತವು. ಅವನು ಹಿಂದಕ್ಕೆ ವಾಲಿದ ಕತ್ತಿನಿಂದ ಮೇಲೆ ನೋಡುತ್ತ, ಇನ್ನೊಂದು ಕೈಯಲ್ಲಿ ಸ್ಟೂಲನ್ನು ಅಲುಗದ ಹಾಗೆ ಹಿಡಿದುಕೊಂಡ.

ಹೊರಗಿನಿಂದ ಸಾಹೇಬರು ಬಾಗಿಲು ಬಡಿದರು. "ಏನ್ರೀ, ಗ್ಯಾಸ್ ತುಂಬ್ತಾ?"

ಮೇಲಿದ್ದವಳು ಕೈ ನಿಲ್ಲಿಸಹೊರಟಳು. ನಿಲ್ಲಿಸಬೇಡ ಎಂದು ಅವನು ತಲೆಯಾಡಿಸಿದ.

"ತುಂಬ್ತಾ ಇದೆ ಸಾರ್" ಎಂದು ಗಟ್ಟಿಯಾಗಿ ಕೂಗಿದ. "ತುಂಬಾ ಒಳ್ಳೇ ಗ್ಯಾಸು. ಸ್ವಲ್ಪ ಹೊತ್ತು ಹಿಡಿಯುತ್ತೆ."